ಬೈಕಿಗೆ ಇಂಜಿನ್ ಗಾರ್ಡ್: ಆರಿಸುವ, ಅಳೆಯುವ, ಕೂರಿಸುವ ಕ್ರಮ

ಮರಳು ಚೆಲ್ಲಿದ ತಿರುವಿನಲ್ಲಿ ಬೈಕು ಬಲಕ್ಕೆ ಮಗುಚಿತು ಅಂದುಕೊಳ್ಳಿ. ವೇಗ ಇಪ್ಪತ್ತೋ ಮೂವತ್ತೋ, ಅಷ್ಟೆ. ಗಾರ್ಡ್ ಇಲ್ಲದಿದ್ದರೆ ನೆಲಕ್ಕೆ ತಾಗುವುದು ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ಮತ್ತು ಅವೆರಡರ ನಡುವೆ ಉಬ್ಬಿಕೊಂಡಿರುವ ಕ್ಲಚ್ ಕವರ್. ಈ ಕವರ್ ಎರಕದ ಅಲ್ಯೂಮಿನಿಯಂ. ಅದಕ್ಕೆ ಬಾಗಿ ಗೊತ್ತಿಲ್ಲ, ನೇರವಾಗಿ ಸೀಳುತ್ತದೆ. ರಸ್ತೆಯಂಚಿನ ಒಂದು ಕಲ್ಲಿನ ಮೂತಿ ತಾಗಿದರೂ ಸಾಕು, ಕೂದಲೆಳೆಯಂಥ ಬಿರುಕಿನಿಂದ ಆಯಿಲ್ ಜಿನುಗಲು ಶುರುವಾಗುತ್ತದೆ. ಸವಾರ ಎದ್ದು ಮೈ ಕೊಡವಿಕೊಂಡು ಹೊರಟರೆ, ಹತ್ತಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಆಯಿಲ್ ಇಲ್ಲದೆ ಇಂಜಿನ್ ಜಾಮ್ ಆಗಿ ಹಿಡಿದುಕೊಳ್ಳಬಹುದು.

ಇದನ್ನು ತಡೆಯಲು ಗಾರ್ಡ್ ಬೇಕು. ಆದರೆ ದಪ್ಪ ಪೈಪು ಇದ್ದರೆ ಆಯಿತು ಎಂದು ಕೊಂಡವರ ಬೈಕಿನಲ್ಲಿ ಚಾಸಿಯೇ ಬಾಗಿದ್ದುಂಟು. ಪೈಪಿನಷ್ಟೇ ಮುಖ್ಯ ಅದು ಬೈಕನ್ನು ಹಿಡಿದಿರುವ ಜಾಗ. ಬಿದ್ದಾಗ ಗಾರ್ಡ್ ತಾನು ಬಾಗಿ ಪೆಟ್ಟನ್ನು ನುಂಗಬೇಕು. ಚಾಸಿ ಬಾಗಬಾರದು, ಇಂಜಿನ್ನನ್ನು ಚಾಸಿಗೆ ಹಿಡಿದಿಡುವ ಫೌಂಡೇಶನ್ ಬೋಲ್ಟ್ ಹಾಯುವ ಇಂಜಿನ್ನಿನ ಕಿವಿ ಮುರಿಯಬಾರದು. ಕೆಳಗಿನ ಎಲ್ಲ ಅಳತೆಗಳೂ ಈ ಒಂದು ಮಾತಿಗೆ ಬಂದು ನಿಲ್ಲುತ್ತವೆ.

ನಿಮ್ಮ ಚಾಸಿ ಯಾವುದು, ಮೊದಲು ನೋಡಿ

ಅಂಗಡಿಯಲ್ಲಿ ಲೆಗ್ ಗಾರ್ಡ್, ಕ್ರ್ಯಾಶ್ ಗಾರ್ಡ್, ಬಂಪರ್ ಎಂದೆಲ್ಲ ಕರೆದು ಒಂದೇ ಗೋಡೆಗೆ ನೇತುಹಾಕಿರುತ್ತಾರೆ. ಅವುಗಳ ಕೆಲಸ ಬೇರೆಬೇರೆ.

ಸ್ಪ್ಲೆಂಡರ್, ಪಲ್ಸರ್ 150 ಥರದ ಬೈಕುಗಳಲ್ಲಿ ಇಂಜಿನ್ನಿನ ಮುಂದೆ ಚಾಸಿ ಪೈಪು ಕೆಳಗಿಳಿಯುತ್ತದೆ. ಅಲ್ಲಿಗೆ ಮೇಲೆ ಒಂದು ಕ್ಲ್ಯಾಂಪು, ಕೆಳಗೆ ಫೌಂಡೇಶನ್ ಬೋಲ್ಟಿಗೆ ಒಂದು ಬ್ರಾಕೆಟ್, ಹೀಗೆ ಕೂರುವ ಒಂದೇ ಸುತ್ತಿನ ಅಗಲ ಲೆಗ್ ಗಾರ್ಡ್ ಸಾಕು. ಕ್ಲಾಸಿಕ್ 350 ಥರದ ಭಾರಿ ಬೈಕಿಗೆ ಎರಡೂ ಬದಿ ಬೇರೆಬೇರೆ ತುಂಡಾಗಿ ಬಂದು, ಪ್ರತಿ ಬದಿಯೂ ಕನಿಷ್ಠ ಎರಡು ಕಡೆ ಹಿಡಿಯುವ, ನಡುವೆ ಅಡ್ಡಪಟ್ಟಿ ಇರುವ ಗಾರ್ಡ್ ಬೇಕು. ಹಿಮಾಲಯನ್ ಬೈಕು ಹತ್ತಿ ಕಲ್ಲುದಾರಿಗೆ ಹೋಗುವವರಿಗೆ ಬದಿಯ ಗಾರ್ಡ್ ಅರ್ಧ ರಕ್ಷಣೆ ಮಾತ್ರ, ಇಂಜಿನ್ನಿನ ತಳ ಕಾಯುವ ಸಂಪ್ ಗಾರ್ಡ್ ತಟ್ಟೆಯೂ ಬೇಕು.

ಎನ್‌ಎಸ್ 200 ಥರದ, ಇಂಜಿನ್ನನ್ನು ಎರಡೂ ಬದಿಯಿಂದ ತಬ್ಬಿ ಹಿಡಿಯುವ ಪೆರಿಮೀಟರ್ ಚಾಸಿಯಲ್ಲಿ ಇಂಜಿನ್ನಿನ ಮುಂದೆ ಇಳಿಯುವ ಪೈಪೇ ಇಲ್ಲ. ಪೈಪುಗಳನ್ನು ಜಾಲರಿಯಂತೆ ಬೆಸೆದ, ಡ್ಯೂಕ್ 390ರ ಟ್ರೆಲ್ಲಿಸ್ ಚಾಸಿಯದೂ ಹೆಚ್ಚುಕಡಿಮೆ ಅದೇ ಪಾಡು. ಇಂಥವಕ್ಕೆ ಎಲ್ಲ ಬೈಕಿಗೂ ಆಗುತ್ತದೆ ಎಂದು ಮಾರುವ ಗಾರ್ಡ್ ಹಾಕಿಸಿದರೆ ಅದು ಒಂದೇ ಬೋಲ್ಟಿನ ಮೇಲೆ ಜೋತಾಡುತ್ತದೆ. ಆ ಮಾದರಿಗೆಂದೇ ಮಾಡಿದ ಗಾರ್ಡ್ ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ನೈಲಾನ್ ಗುಂಡಿನ ಫ್ರೇಮ್ ಸ್ಲೈಡರ್ ಹಾಕಿಸಿ. ಸ್ಲೈಡರ್ ಉದ್ದವಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಗುಂಡು ಹೊರಚಾಚಿದಷ್ಟೂ ಅದರ ಬೋಲ್ಟು ಮೀಟುಗೋಲಿನಂತೆ ಇಂಜಿನ್ನಿನ ಕಿವಿಯನ್ನು ಎತ್ತುತ್ತದೆ.

ಇನ್ನೊಂದು ಎಚ್ಚರ. ಕೆಲವು ಬೈಕುಗಳಲ್ಲಿ ಇಂಜಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ, ಓಡುವಾಗ ತುಸು ಅಲುಗುತ್ತದೆ. ಅಂಥದರಲ್ಲಿ ಗಾರ್ಡಿನ ಒಂದು ಕಾಲು ಇಂಜಿನ್ನಿಗೆ, ಇನ್ನೊಂದು ಕಾಲು ಚಾಸಿಗೆ ಬಿಗಿದರೆ ರಬ್ಬರ್ ಇದ್ದೂ ಇಲ್ಲದಂತಾಗಿ ಹ್ಯಾಂಡಲ್‌ವರೆಗೆ ನಡುಕ ಬರುತ್ತದೆ, ಕೊನೆಗೆ ಗಾರ್ಡಿನ ವೆಲ್ಡಿಂಗ್ ಬಿಡುತ್ತದೆ. ಎರಡೂ ಕಾಲು ಚಾಸಿಗೇ ಇರಲಿ.

ಪೈಪನ್ನು ತೂಗಿ ಕೊಳ್ಳಿ

ಹೊರಗಿನ ದಪ್ಪ ನೋಡಿ ಮೋಸಹೋಗುವುದು ಸುಲಭ. ಗಾರ್ಡಿನ ಬಲ ಇರುವುದು ಪೈಪಿನ ಗೋಡೆಯಲ್ಲಿ, ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ತೂಕ ಸುಳ್ಳು ಹೇಳುವುದಿಲ್ಲ. ಕಬ್ಬಿಣದ ಪೈಪಿನ ಒಂದು ಮೀಟರಿನ ತೂಕ ತಿಳಿಯಲು ಹೊರ ಅಳತೆಯಿಂದ ಗೋಡೆಯ ದಪ್ಪ ಕಳೆಯಿರಿ, ಬಂದದ್ದನ್ನು ಗೋಡೆಯ ದಪ್ಪದಿಂದಲೂ 0.0247ರಿಂದಲೂ ಗುಣಿಸಿ. ಅಳತೆ ಮಿ.ಮೀ.ನಲ್ಲಿದ್ದರೆ ಉತ್ತರ ಕಿಲೋದಲ್ಲಿ ಸಿಗುತ್ತದೆ.

ಲೆಕ್ಕ ಬೇಡ ಅನ್ನುವವರು ಇಷ್ಟು ನೆನಪಿಟ್ಟುಕೊಳ್ಳಿ: 22 ಮಿ.ಮೀ. ಪೈಪಿನ ಗೋಡೆ 2 ಮಿ.ಮೀ. ಇದ್ದರೆ ಮೀಟರಿಗೆ ಸುಮಾರು 990 ಗ್ರಾಂ, 1.2 ಮಿ.ಮೀ. ಇದ್ದರೆ ಬರೀ 615 ಗ್ರಾಂ. ಒಂದಿಂಚಿನ, ಅಂದರೆ 25.4 ಮಿ.ಮೀ. ಪೈಪು 2 ಮಿ.ಮೀ. ಗೋಡೆಯಲ್ಲಿ ಸುಮಾರು 1,150 ಗ್ರಾಂ ತೂಗುತ್ತದೆ. ಅಂಗಡಿಗೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಗಾರ್ಡಿನ ಬಾಗುಗಳುದ್ದಕ್ಕೂ ದಾರ ಹಿಡಿದು ಒಟ್ಟು ಉದ್ದ ಅಳೆದು, ತೂಗಿ, ಬ್ರಾಕೆಟ್ಟುಗಳಿಗೆಂದು ಮುನ್ನೂರು–ನಾನೂರು ಗ್ರಾಂ ಕಳೆಯಿರಿ. ಮೂರು ಮೀಟರಿನ 22 ಮಿ.ಮೀ. ಗಾರ್ಡು ಮೂರು ಕಿಲೋ ಹತ್ತಿರ ಬಂದರೆ ಸರಿ, ಎರಡು ಕಿಲೋ ದಾಟದಿದ್ದರೆ ಅದು ಶೋಕಿಯ ವಸ್ತು. ನೂರಿಪ್ಪತ್ತು ಕಿಲೋ ಒಳಗಿನ ಬೈಕಿಗೆ 1.6 ಮಿ.ಮೀ. ಗೋಡೆ ಸಾಕು. ಅದಕ್ಕಿಂತ ಭಾರದ್ದಕ್ಕೆ 2 ಮಿ.ಮೀ. ಇರಲಿ. ಮೂರು ಮಿ.ಮೀ. ಗೋಡೆಯದು ಬೇಡ. ಅದು ಬಾಗುವುದಿಲ್ಲ, ಪೆಟ್ಟನ್ನು ಪೂರ್ತಿ ಚಾಸಿಗೆ ದಾಟಿಸುತ್ತದೆ.

ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಅಗ್ಗದ ಕ್ರೋಮ್ ಎರಡು ಮಳೆಗಾಲ ಕಂಡರೆ ಹೆಚ್ಚು. ಅಲ್ಲಿನವರು 304 ದರ್ಜೆಯ ಸ್ಟೇನ್‌ಲೆಸ್ ಅಥವಾ ಪೌಡರ್ ಕೋಟಿಂಗ್ ಇರುವುದನ್ನು ಆರಿಸಿಕೊಳ್ಳಿ. ಅಯಸ್ಕಾಂತ ಅಂಟದಿದ್ದರೆ 304 ಎಂದು ಅಂಗಡಿಯವರು ತೋರಿಸುತ್ತಾರೆ. ಆ ಪರೀಕ್ಷೆ ನಂಬಬೇಡಿ. ಬೇಗ ತುಕ್ಕು ಹಿಡಿಯುವ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ, ಅಸಲಿ 304 ಪೈಪಿಗೆ ಬಾಗಿಸಿದ ಜಾಗದಲ್ಲಿ ತುಸು ಅಂಟುವುದೂ ಉಂಟು. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ.

ಮಳೆನೀರು ಇಳಿಯಲು ಗಾರ್ಡಿನ ಅತಿ ಕೆಳಗಿನ ಬಾಗಿನಲ್ಲಿ 4–5 ಮಿ.ಮೀ. ತೂತು ಇದೆಯೇ ನೋಡಿ. ಇಲ್ಲದಿದ್ದರೆ ಕೂರಿಸುವ ಮೊದಲೇ ಕೊರೆಸಿ, ಒಳಗೆ ಸ್ವಲ್ಪ ಹಳೆ ಆಯಿಲ್ ಬಿಟ್ಟು ಉರುಳಾಡಿಸಿ. ಎಷ್ಟೋ ಗಾರ್ಡುಗಳು ಹೊರಗೆ ಫಳಫಳ ಹೊಳೆಯುತ್ತಲೇ ಒಳಗಿಂದ ಕೊಳೆತಿರುತ್ತವೆ.

ಕಾನೂನಿನ ಮಾತು

2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಾಹನಗಳ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ತೆಗೆಸುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ಅದರ ಕಣ್ಣಿದ್ದದ್ದು ಮುಖ್ಯವಾಗಿ ಕಾರು, ಜೀಪುಗಳ ಮೂತಿಗೆ ಹಾಕುವ ಕಬ್ಬಿಣದ ಮೇಲೆ. ಆದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಟಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಿದೆ. ಹಾಗಾಗಿ ಬೈಕ್ ಕಂಪನಿಯೇ ಆ ಮಾದರಿಗೆ ಕೊಡುವ ಗಾರ್ಡ್ ಕೊಂಡು ಬಿಲ್ ಇಟ್ಟುಕೊಳ್ಳುವುದು ನೆಮ್ಮದಿ. ಚಾಸಿಗೆ ವೆಲ್ಡಿಂಗ್ ಮಾಡಿಸುವುದಂತೂ ಯಾವ ಕಾರಣಕ್ಕೂ ಬೇಡ. ಕಾನೂನಿನ ಮಾತು ಬಿಟ್ಟರೂ, ವೆಲ್ಡಿಂಗ್ ಕಾವು ಬಿದ್ದ ಚಾಸಿ ಪೈಪು ಆ ಜಾಗದಲ್ಲೇ ಬಿರುಕು ಬಿಡಬಹುದು, ವೆಲ್ಡಿಂಗ್ ಕರೆಂಟು ಇಂಜಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಇಸಿಯುವನ್ನೂ ಸುಡಬಹುದು.

ಕೊಳ್ಳುವ ಮುಂಚೆ ನಾಲ್ಕು ಅಳತೆ

ಗಾರ್ಡನ್ನು ಬೈಕಿಗೆ ತಾತ್ಕಾಲಿಕವಾಗಿ ಹಿಡಿಸಿ ಅಥವಾ ಅದೇ ಬೈಕಿಗೆ ಹಾಕಿಸಿದವರದ್ದನ್ನು ನೋಡಿ ಈ ಅಳತೆಗಳನ್ನು ತೆಗೆದುಕೊಳ್ಳಿ.

ಮೊದಲನೆಯದು ದಾರದ ಪರೀಕ್ಷೆ. ಗಾರ್ಡಿನ ಅತಿ ಹೊರಗಿನ ಬಿಂದುವಿನಿಂದ ಫುಟ್‌ರೆಸ್ಟ್ ತುದಿಗೆ ದಾರ ಎಳೆದು ಹಿಡಿಯಿರಿ. ಇನ್ನೊಂದು ದಾರ ಗಾರ್ಡಿನಿಂದ ಹ್ಯಾಂಡಲ್ ತುದಿಗೆ. ಬೈಕು ಮಲಗಿದಾಗ ನೆಲ ಇರುವುದು ಈ ದಾರಗಳ ಮಟ್ಟದಲ್ಲೇ. ಕ್ಲಚ್ ಕವರ್ ಆಗಲಿ, ಎಡಬದಿಯ ಮ್ಯಾಗ್ನೆಟ್ ಕವರ್ ಆಗಲಿ, ಟ್ಯಾಂಕ್ ಆಗಲಿ ದಾರದಿಂದ ಕನಿಷ್ಠ 3–4 ಸೆಂ.ಮೀ. ಒಳಗಿರಬೇಕು, ಏಕೆಂದರೆ ಬಿದ್ದಾಗ ಗಾರ್ಡ್ ಅಷ್ಟು ಒಳಕ್ಕೆ ಬಾಗುತ್ತದೆ. ದಾರ ಕವರಿಗೆ ತಾಗುತ್ತಿದ್ದರೆ ಆ ಗಾರ್ಡ್ ಹಾಕಿಯೂ ಹಾಕದಂತೆ. ಹಾಗೆಂದು ಅಗಲ ಅತಿಯೂ ಆಗಬಾರದು. ಪ್ರತಿ ಬದಿಯೂ ಹ್ಯಾಂಡಲ್ ತುದಿಗಿಂತ 5 ಸೆಂ.ಮೀ. ಒಳಗಿರಲಿ. ಹ್ಯಾಂಡಲ್ ನುಗ್ಗಿದ ಸಂದಿಯಲ್ಲಿ ಗಾರ್ಡೂ ನುಗ್ಗಬೇಕು.

ಎರಡನೆಯದು ವಾಲುವ ಅಳತೆ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಆಗುಂಬೆಯ ಹಿಮ್ಮುರಿ ತಿರುವಿನಲ್ಲಿ ಜೀವ ಉಳಿಸುವುದು ಇದೇ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರು ಕೂತು ನೇರ ನಿಲ್ಲಿಸಲಿ. ಫುಟ್‌ರೆಸ್ಟ್ ತುದಿ ನೆಲದಿಂದ ಎಷ್ಟು ಎತ್ತರ, ಬೈಕಿನ ನಡುಗೆರೆಯಿಂದ ಎಷ್ಟು ದೂರ ಎಂದು ಅಳೆದು ಎತ್ತರವನ್ನು ದೂರದಿಂದ ಭಾಗಿಸಿ. ಉದಾಹರಣೆಗೆ ಎತ್ತರ 30, ದೂರ 38 ಸೆಂ.ಮೀ. ಇದ್ದರೆ 0.79. ಗಾರ್ಡಿನ ಕೆಳಬಾಗಿನಲ್ಲೂ ಇದೇ ಲೆಕ್ಕ ಮಾಡಿ. ಉತ್ತರ ಫುಟ್‌ರೆಸ್ಟಿನದಕ್ಕಿಂತ ಹೆಚ್ಚೇ ಬರಬೇಕು. ಎತ್ತರ 26, ದೂರ 30 ಇದ್ದರೆ 0.87, ನಡೆಯುತ್ತದೆ. ಎತ್ತರ 22, ದೂರ 32 ಇದ್ದರೆ 0.69, ಅಂದರೆ ಬೈಕು ವಾಲಿದಾಗ ಫುಟ್‌ರೆಸ್ಟಿಗಿಂತ ಮೊದಲು ಗಾರ್ಡ್ ರಸ್ತೆಗೆ ಉಜ್ಜುತ್ತದೆ. ಫುಟ್‌ರೆಸ್ಟ್ ಮಡಚಿಕೊಂಡು ಎಚ್ಚರಿಕೆ ಕೊಡುತ್ತದೆ. ಗಾರ್ಡ್ ಮಡಚುವುದಿಲ್ಲ, ಮುಂದಿನ ಚಕ್ರವನ್ನೇ ಎತ್ತಿ ಬೀಳಿಸುತ್ತದೆ.

ಮೂರನೆಯದು ಮುಂದಿನ ಚಕ್ರದ ಜಾಗ. ಗುಂಡಿಗೆ ಇಳಿದಾಗ ಫೋರ್ಕ್ ಒತ್ತಿಕೊಂಡು ಚಕ್ರ ಮೇಲಕ್ಕೂ ಹಿಂದಕ್ಕೂ ಬರುತ್ತದೆ. ಈಗಿನ ಕ್ಲಾಸಿಕ್ 350ರಲ್ಲಿ ಈ ಓಟ 130 ಮಿ.ಮೀ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಮೈಭಾರ ಬಿಟ್ಟು ಜೋರಾಗಿ ಒತ್ತಿ. ಆಗಲೂ ಮಡ್‌ಗಾರ್ಡಿಗೂ ಗಾರ್ಡಿನ ಅಡ್ಡಪಟ್ಟಿಗೂ ನಡುವೆ ನಾಲ್ಕು ಬೆರಳು ಹಿಡಿಸಬೇಕು, ಏಕೆಂದರೆ ಕೈಯಿಂದ ಒತ್ತಿದರೆ ಫೋರ್ಕ್ ಪೂರ್ತಿ ಇಳಿಯುವುದಿಲ್ಲ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿಯೂ ನೋಡಿ.

ನಾಲ್ಕನೆಯದು ಕಾಲು ಮತ್ತು ಕೈ. ನೀವು ದಿನಾ ಹಾಕುವ ಬೂಟು ಹಾಕಿಕೊಂಡೇ ಕೂತು ಗೇರ್ ಬದಲಿಸಿ, ಹಿಂದಿನ ಬ್ರೇಕ್ ಒತ್ತಿ. ಬೂಟಿನ ಮೂತಿಗೂ ಗಾರ್ಡಿಗೂ ಎರಡು ಬೆರಳು ಅಂತರ ಬೇಕು. ಆಯಿಲ್ ಬಿಡುವ ಬೋಲ್ಟು, ಆಯಿಲ್ ಫಿಲ್ಟರ್ ಮುಚ್ಚಳ, ಪ್ಲಗ್ ಇವುಗಳಿಗೆ ಗಾರ್ಡ್ ಬಿಚ್ಚದೆ ಸ್ಪ್ಯಾನರ್ ಹೋಗಬೇಕು. ಇಲ್ಲದಿದ್ದರೆ ಪ್ರತಿ ಸರ್ವೀಸಿನಲ್ಲೂ ಫೌಂಡೇಶನ್ ಬೋಲ್ಟ್ ಬಿಚ್ಚುತ್ತಾರೆ, ಒಂದು ದಿನ ಬಿಗಿಯುವುದು ಮರೆಯುತ್ತಾರೆ.

ಬೋಲ್ಟಿನಲ್ಲಿ ಜಿಪುಣತನ ಬೇಡ

ಗಾರ್ಡ್ ಕೂರಿಸುವಾಗ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಬೋಲ್ಟಿನವು. ಬ್ರಾಕೆಟ್ ತಟ್ಟೆ 5 ಮಿ.ಮೀ. ದಪ್ಪ, ಎರಡೂ ಬದಿ ಸೇರಿ 10 ಮಿ.ಮೀ. ಅಂದುಕೊಳ್ಳಿ. ಹಳೆಯ 110 ಮಿ.ಮೀ. ಬೋಲ್ಟನ್ನೇ ಮತ್ತೆ ಹಾಕಿದರೆ ನಟ್ಟಿಗೆ ಸಿಗಬೇಕಾದ ಮರೆಗಳೆಲ್ಲ (ಬೋಲ್ಟಿನ ಸುರುಳಿ ಗೆರೆಗಳು) ಬ್ರಾಕೆಟ್ಟಿನೊಳಗೇ ಮುಗಿದಿರುತ್ತವೆ. ಎರಡು ಮರೆಯಲ್ಲಿ ನಟ್ಟು ಹಿಡಿದಂತೆ ಕಾಣುತ್ತದೆ, ತಿಂಗಳಲ್ಲಿ ಬಿಟ್ಟುಕೊಳ್ಳುತ್ತದೆ. ಇಲ್ಲಿ ಬೇಕಾದದ್ದು 120 ಮಿ.ಮೀ. ಬೋಲ್ಟು. ಬಿಗಿದ ಮೇಲೆ ನಟ್ಟಿನಾಚೆ ಎರಡು ಮರೆ ಹೊರಗೆ ಕಾಣಬೇಕು.

ಎಂ10, ಅಂದರೆ 10 ಮಿ.ಮೀ. ದಪ್ಪದ ಬೋಲ್ಟಿನಲ್ಲಿ ಎರಡು ಜಾತಿಯ ಮರೆ ಇದೆ: ಮರೆಯಿಂದ ಮರೆಗೆ 1.25 ಮಿ.ಮೀ. ಮತ್ತು 1.5 ಮಿ.ಮೀ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 1.5, ಬೈಕುಗಳಲ್ಲಿ ಹೆಚ್ಚಾಗಿ ಇರುವುದು 1.25. ಒಂದಕ್ಕೆ ಇನ್ನೊಂದನ್ನು ಸ್ಪ್ಯಾನರ್ ಹಾಕಿ ತುರುಕಿದರೆ ಒಂದೆರಡು ಸುತ್ತು ಹೋಗಿ ಮರೆ ಕಿತ್ತುಬರುತ್ತದೆ. ಹಳೆಯ ಬೋಲ್ಟನ್ನೂ ನಟ್ಟನ್ನೂ ಅಂಗಡಿಗೆ ಒಯ್ದು, ಹೊಸ ಬೋಲ್ಟಿಗೆ ಹಳೆಯ ನಟ್ಟು ಬರಿಗೈಯಲ್ಲಿ ಕೊನೆವರೆಗೆ ಓಡುತ್ತದೆಯೇ ನೋಡಿ ತನ್ನಿ.

ಬೋಲ್ಟಿನ ತಲೆಯ ಮೇಲೆ ಬಲದ ದರ್ಜೆ 8.8 ಅಥವಾ 10.9 ಎಂದು ಒತ್ತಿರಬೇಕು. ಏನೂ ಬರೆಯದ ಬೋಲ್ಟು ಬೇಲಿಗೆ ಸರಿ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು ಚೆಂದ, ಆದರೆ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯದು 450 ಮೆಗಾಪಾಸ್ಕಲ್‌ಗೇ ಜಗ್ಗುತ್ತದೆ, 8.8 ದರ್ಜೆಯದು 640ರವರೆಗೆ ತಡೆಯುತ್ತದೆ. ಫೌಂಡೇಶನ್ನಿಗೆ ಸ್ಟೇನ್‌ಲೆಸ್ ಹಾಕಬೇಡಿ. ಉದ್ದಕ್ಕೂ ಮರೆ ಇರುವ ಬೋಲ್ಟೂ ಬೇಡ. ಇಂಜಿನ್ ಕಿವಿಯೊಳಗೆ ನುಣುಪು ದೇಹವೇ ಇರಬೇಕು, ಮರೆ ಕೂತರೆ ಅದು ಅರದಂತೆ ತೂತನ್ನು ತಿನ್ನುತ್ತದೆ. ನೈಲಾನ್ ಉಂಗುರದ ನಟ್ಟು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಿ.

ಕೂರಿಸುವುದು

ಬೇಕಾದ ಸಾಮಾನು: 12, 13, 14, 17 ಅಳತೆಯ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್, 6 ಮತ್ತು 8ರ ಅಲೆನ್ ಕೀ, ಸಣ್ಣ ಜ್ಯಾಕ್, ಮರದ ತುಂಡು, ರಬ್ಬರ್ ಸುತ್ತಿಗೆ, ತುಕ್ಕು ಬಿಡಿಸುವ ಸ್ಪ್ರೇ, ನೀಲಿ ಬಣ್ಣದ ಥ್ರೆಡ್ ಲಾಕ್ (ನಟ್ಟು ಸಡಿಲವಾಗದಂತೆ ಮರೆಗೆ ಹಚ್ಚುವ ಅಂಟು), ಬೋಲ್ಟಿನಷ್ಟೇ ದಪ್ಪದ ಒಂದು ಸಲಾಕೆ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್. ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಿ. ಇಂಜಿನ್ ತಣ್ಣಗಿರಲಿ.

1. ಸೆಂಟರ್ ಸ್ಟ್ಯಾಂಡ್ ಹಾಕಿ. ಇಂಜಿನ್ ತಳಕ್ಕೆ ಮರದ ತುಂಡಿಟ್ಟು ಜ್ಯಾಕ್ ತಾಗಿಸಿ. ಜ್ಯಾಕ್ ಬೈಕನ್ನು ಎತ್ತಬಾರದು, ಇಂಜಿನ್ ಜಾರದಂತೆ ಆತುಕೊಂಡರೆ ಸಾಕು.

2. ಬಿಚ್ಚುವ ಬೋಲ್ಟುಗಳಿಗೆ ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಅಷ್ಟರಲ್ಲಿ ಕ್ಲ್ಯಾಂಪ್ ಕೂರುವ ಚಾಸಿ ಪೈಪನ್ನು ಒರೆಸಿ. ಕ್ಲಚ್ ಕೇಬಲ್, ಹಾರ್ನ್ ವೈರು, ಬ್ರೇಕ್ ಪೈಪು ಎಲ್ಲಿ ಹಾದಿವೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಕ್ಲ್ಯಾಂಪಿನಡಿ ಕೇಬಲ್ ಸಿಕ್ಕಿಸಿಬಿಡುವುದು ಆಗಾಗ ಆಗುವ ತಪ್ಪು.

3. ಬ್ರಾಕೆಟ್ಟಿನಲ್ಲಿ ವಾಷರ್ ಕೂರುವ ಜಾಗದಲ್ಲಿ ಪೌಡರ್ ಕೋಟಿಂಗ್ ದಪ್ಪಗಿದ್ದರೆ ಉಜ್ಜಿ ತೆಗೆದು ತೆಳ್ಳಗೆ ಪ್ರೈಮರ್ ಹಚ್ಚಿ. ಬಣ್ಣದ ಮೇಲೆ ಬಿಗಿದ ಬೋಲ್ಟು ಬಣ್ಣ ನಜ್ಜಾದಂತೆ ಸಡಿಲವಾಗುತ್ತದೆ.

4. ಒಂದು ಸಲಕ್ಕೆ ಒಂದೇ ಫೌಂಡೇಶನ್ ಬೋಲ್ಟ್. ನಟ್ಟು ಬಿಚ್ಚಿ, ನಟ್ಟಿನ ಕಡೆಯಿಂದ ಸಲಾಕೆ ತೂರಿಸುತ್ತ ಹಳೆಯ ಬೋಲ್ಟನ್ನು ಹೊರತಳ್ಳಿ. ಈಗ ಸಲಾಕೆಯೇ ಇಂಜಿನ್ನನ್ನು ಹಿಡಿದಿರುತ್ತದೆ. ತಲೆಯ ಕಡೆ ಬ್ರಾಕೆಟ್ ಹಿಡಿದು ಹೊಸ ಬೋಲ್ಟ್ ತೂರಿಸಿದರೆ ಅದು ಸಲಾಕೆಯನ್ನು ಆಚೆ ತಳ್ಳಿಕೊಂಡು ಬರುತ್ತದೆ. ಒಳಗೆ ಸಣ್ಣ ಸ್ಪೇಸರ್ ಕೊಳವೆ ಇದ್ದರೆ ಬಿದ್ದುಹೋಗದಂತೆ ಕೈಯಡಿ ಇಟ್ಟಿರಿ. ಬೋಲ್ಟು ಸಲೀಸಾಗಿ ಹೋಗದಿದ್ದರೆ ಸುತ್ತಿಗೆ ಎತ್ತಬೇಡಿ, ಜ್ಯಾಕನ್ನು ಕಾಲು ಸುತ್ತು ಏರಿಸಿ ಇಳಿಸಿ ನೋಡಿ.

5. ಎಲ್ಲ ನಟ್ಟುಗಳನ್ನೂ ಬರಿಗೈಯಲ್ಲಿ ಮಾತ್ರ ತಿರುಗಿಸಿ. ಗಾರ್ಡ್ ಇನ್ನೂ ಅಲುಗುತ್ತಿರಬೇಕು. ಎರಡೂ ಬದಿಯ ಎತ್ತರ ನೆಲದಿಂದ ಅಳೆದು ಸರಿಹೊಂದಿಸಿ.

6. ತೂತು ತೂತಿಗೆ ಕೂರದಿದ್ದರೆ ಇಲ್ಲೇ ನಿಲ್ಲಿ. ಬೆರಳಿನಿಂದ ಒತ್ತಿದರೆ ಸರಿಯುವ ಎರಡು ಮೂರು ಮಿ.ಮೀ. ಪರವಾಗಿಲ್ಲ. ಬ್ರಾಕೆಟ್ಟಿನ ತೂತನ್ನು ದುಂಡು ಅರದಿಂದ 2 ಮಿ.ಮೀ.ವರೆಗೆ ಹಿಗ್ಗಿಸಬಹುದು. ಬ್ರಾಕೆಟ್ಟಿಗೂ ಚಾಸಿಗೂ ಸಂದಿ ಉಳಿದರೆ ವಾಷರ್ ತುಂಬಿ. ಬೋಲ್ಟು ಬಿಗಿದು ಗಾರ್ಡನ್ನು ಎಳೆದು ಕೂರಿಸಿದರೆ ಚಾಸಿ ಹಗಲೂ ರಾತ್ರಿ ಆ ಎಳೆತ ಹೊರಬೇಕಾಗುತ್ತದೆ. ಅಂಥ ಗಾರ್ಡನ್ನು ವಾಪಸ್ ಕೊಡಿ.

7. ಈಗ ಒಂದೊಂದಾಗಿ ನಟ್ಟು ತೆಗೆದು, ಮರೆಗೆ ಎರಡು ಹನಿ ಥ್ರೆಡ್ ಲಾಕ್ ಹಾಕಿ ಬಿಗಿಯಿರಿ. ನೈಲಾನ್ ನಟ್ಟಿಗೆ ಅದು ಬೇಡ. ಮೊದಲು ಫೌಂಡೇಶನ್ ಬೋಲ್ಟು, ಆಮೇಲೆ ಮೇಲಿನ ಕ್ಲ್ಯಾಂಪು, ಕೊನೆಗೆ ಎಡಬಲ ಸೇರಿಸುವ ಅಡ್ಡಪಟ್ಟಿ. ಎಷ್ಟು ಬಿಗಿಯಬೇಕು ಎಂಬುದಕ್ಕೆ ಬೈಕಿನ ಸರ್ವೀಸ್ ಪುಸ್ತಕದ ಅಂಕಿಯೇ ಅಂತಿಮ. ಅದು ಸಿಗದಿದ್ದರೆ 8.8 ದರ್ಜೆಯ ಎಂ8ಕ್ಕೆ ಸುಮಾರು 24, ಎಂ10ಕ್ಕೆ ಸುಮಾರು 45 ನ್ಯೂಟನ್ ಮೀಟರ್. ಕ್ಲ್ಯಾಂಪ್ ಬೋಲ್ಟುಗಳನ್ನು ಎರಡೂ ಕಡೆ ಅರ್ಧರ್ಧ ಸುತ್ತಿನಂತೆ ಬಿಗಿಯಿರಿ, ಕ್ಲ್ಯಾಂಪಿನ ಎರಡೂ ಸಂದಿ ಸಮ ಇರಲಿ.

ಟಾರ್ಕ್ ರೆಂಚ್ ಇಲ್ಲವೇ? ಗಾರ್ಡ್ ತೂಗಿದ ಅದೇ ಕೊಕ್ಕೆ ತಕ್ಕಡಿ ತನ್ನಿ. ಬೋಲ್ಟಿನ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಸ್ಪ್ಯಾನರ್ ಹಿಡಿಗೆ ಕೊಕ್ಕೆ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆಯಿರಿ. 12 ಕಿಲೋ ತೋರಿಸಿದರೆ ಹೆಚ್ಚುಕಡಿಮೆ 24, 23 ಕಿಲೋ ತೋರಿಸಿದರೆ 45 ನ್ಯೂಟನ್ ಮೀಟರ್. ಉದ್ದ ಪೈಪು ತೂರಿಸಿ ಮೈಭಾರ ಬಿಡುವ ಪದ್ಧತಿಯಲ್ಲಿ ಅಲ್ಯೂಮಿನಿಯಂ ಕಿವಿಗಳು ಎಷ್ಟು ಬಿರುಕುಬಿಟ್ಟಿವೆಯೋ ಲೆಕ್ಕವಿಲ್ಲ.

8. ಪ್ರತಿ ನಟ್ಟಿನಿಂದ ಬ್ರಾಕೆಟ್ಟಿಗೆ ದಾಟುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ನಟ್ಟು ಕದಲಿದರೆ ಗೆರೆ ಮುರಿದು ಕಾಣುತ್ತದೆ. ಇಂಜಿನ್ ಚಾಲೂ ಮಾಡಿ, ಹ್ಯಾಂಡಲ್ ಕೊನೆವರೆಗೆ ತಿರುಗಿಸಿ, ಕ್ಲಚ್ ಎಳೆದು ನೋಡಿ. ಇಂಜಿನ್ನಿನ ಹೊಗೆ ಒಯ್ಯುವ ಬೆಂಡ್ ಪೈಪಿಗೂ ಗಾರ್ಡಿಗೂ ಕನಿಷ್ಠ ಒಂದು ಬೆರಳು ಅಂತರ ಇರಬೇಕು.

ಆಮೇಲೆ

ಐವತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, ಐನೂರು ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ, ಮುಂದೆ ಪ್ರತಿ ಆಯಿಲ್ ಬದಲಿಗೂ ನೋಡಿ. ಗಾರ್ಡ್ ಹಾಕಿಸಿದ ಮೇಲೆ ಒಂದು ವೇಗದಲ್ಲಿ ಮಾತ್ರ ಹೊಸ ಗುಂಯ್‌ಗುಡುವಿಕೆ ಕೇಳಿಸಿದರೆ ಮೊದಲ ಅನುಮಾನ ಕ್ಲ್ಯಾಂಪಿನ ಮೇಲಿರಲಿ.

ಗಾರ್ಡಿಗೆ ಬಣ್ಣದ ಹಗ್ಗ ಬಿಗಿಯಾಗಿ ಸುತ್ತಿಸುವ ರೂಢಿ ನಮ್ಮಲ್ಲಿ ಬಹಳ. ನೋಡಲು ಚೆಂದವೇ, ಆದರೆ ಹಗ್ಗ ಮಳೆನೀರು ಹೀರಿ ವಾರಗಟ್ಟಲೆ ಒದ್ದೆಯಾಗಿರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿ, ಕ್ರೋಮ್ ಹೊಪ್ಪಳಿಕೆಯಾಗಿ ಎದ್ದು ಕೆಳಗೆ ಕಂದು ಪುಡಿ ಉದುರುತ್ತದೆ. ಸುತ್ತಲೇಬೇಕೆಂದರೆ ವೆಲ್ಡಿಂಗ್ ಜಾಗಗಳನ್ನಾದರೂ ಬಿಟ್ಟು ಸುತ್ತಿ. ರೈನ್‌ಕೋಟನ್ನು ಗಾರ್ಡಿಗೆ ಸಿಕ್ಕಿಸಬೇಡಿ, ಗಾಳಿಗೆ ಹಾರಿ ಬೆಂಡ್ ಪೈಪಿಗೆ ಅಂಟಿ ಕರಗುತ್ತದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ ತೂಗಿಸುವುದೂ ಬೇಡ: ಗಾಳಿಯಿಂದಲೇ ತಣಿಯುವ ಇಂಜಿನ್ನಿಗೆ ಗಾಳಿ ಕಟ್ಟಿಹೋಗುತ್ತದೆ, ಬೋಲ್ಟುಗಳೂ ದಿನದಿನ ಸಡಿಲವಾಗುತ್ತವೆ. ಕಾಲು ಚಾಚಿ ಗಾರ್ಡಿನ ಮೇಲೆ ಇಟ್ಟು ಓಡಿಸುವವರ ಕಾಲು ಬ್ರೇಕಿನಿಂದ ದೂರವಾಗಿರುತ್ತದೆ. ಅಡ್ಡ ಬಂದ ನಾಯಿ ಅಷ್ಟು ಸಮಯ ಕೊಡುವುದಿಲ್ಲ.

ಬೈಕು ಒಮ್ಮೆ ಬಿದ್ದರೆ, ಗಾರ್ಡ್ ಮೇಲ್ನೋಟಕ್ಕೆ ಸರಿ ಕಂಡರೂ ಹೀಗೆ ನೋಡಿ. ವೆಲ್ಡಿಂಗ್ ಪಕ್ಕದಲ್ಲಿ ದಾರದಷ್ಟು ಸಣ್ಣ ತುಕ್ಕಿನ ಗೆರೆ ಇದ್ದರೆ ಅದು ಬಿರುಕು. ಪೈಪನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಎರಡೂ ಬದಿ ಒಂದೇ ನಾದ ಕೊಡಬೇಕು, ಒಂದು ಬದಿ ಒಡಕು ಸದ್ದು ಬಂದರೆ ಬಿಚ್ಚಿಸಿ. ಫೌಂಡೇಶನ್ ಬೋಲ್ಟನ್ನು ಹೊರತೆಗೆದು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಕುಪ್ಪಳಿಸುತ್ತದೆ. ಇಂಜಿನ್ ಕಿವಿಯ ಬುಡವನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಅರ್ಧ ಗಂಟೆ ಓಡಿಸಿ ಬಂದು ಮತ್ತೆ ನೋಡಿ. ಎಣ್ಣೆಯ ತೇವ ಕಂಡರೆ ಅಲ್ಲಿ ಬಿರುಕಿದೆ.

ಪೈಪು ಸೆಂಟಿಮೀಟರಿಗಿಂತ ಹೆಚ್ಚು ಬಾಗಿದ್ದರೆ, ಇಲ್ಲವೇ ಮಡಿಕೆ ಬಿದ್ದಿದ್ದರೆ, ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡಿಸಬೇಡಿ. ಒಮ್ಮೆ ಮಡಿದ ಜಾಗ ಮುಂದಿನ ಪೆಟ್ಟಿಗೆ ಮೊದಲು ಕೈಕೊಡುತ್ತದೆ. ಹೊಸ ಗಾರ್ಡ್ ಹಾಕಿಸಿ, ಹೊಸ ಬೋಲ್ಟುಗಳ ಜೊತೆಗೇ.